ಮೂರನೆಯ ಸಾಲಿನ ಬಿಲಕ್ಕೆ ಒಕ್ಕಲು ಬಂತು

ಕಾವಲಿಯ ಮೇಲೆ ದೋಸೆ ಇನ್ನೂ ಅರ್ಧ ಬೆಂದಿದೆ. ಅಡಿಲೇಡ್‌ನ ಪ್ರಾಸ್ಪೆಕ್ಟ್‌ನಲ್ಲಿರುವ ಪುಟ್ಟ ಅಡುಗೆಮನೆಗೆ ನವೆಂಬರ್‌ನ ಎಳೆಬಿಸಿಲು ಈಗಷ್ಟೇ ಇಣುಕುತ್ತಿದೆ. ಸುಭದ್ರಾ ಇವತ್ತು ಮಗಳಿಗೆ ಒಂದು ಸಂಗತಿ ಹೇಳಬೇಕು. ಮೊದಲ ದೋಸೆ ತಟ್ಟೆಗೆ ಬಿದ್ದಮೇಲೆ ಹೇಳುವುದೆಂದು ರಾತ್ರಿಯೇ ನಿಶ್ಚಯಿಸಿದ್ದಾರೆ. ಬಾಯಿ ತೆರೆಯಬೇಕು, ಅಷ್ಟರಲ್ಲಿ ಫೋನು ಬಡಿದುಕೊಳ್ಳುತ್ತದೆ.

“ಎಲ್ಲಿದೀಯಮ್ಮ ಸುಭದ್ರಾ? ನಿನ್ನ ಮನೆಗೆ ಯಾರೋ ಬಂದಿದಾರೆ!” ಅತ್ತ ಕಡೆ ರಮಾಕಾಂತ್ ಅಂಕಲ್. ಅವರು ಪಿಸುಗುಟ್ಟಿದರೂ ಪಕ್ಕದ ಬೀದಿಗೆ ಕೇಳಿಸುತ್ತದೆ.

“ಯಾವ ಮನೆ ಅಂಕಲ್?”

“ಮೂರನೇ ಸಾಲು, ಕೊನೇದು. ತಲೆ ಹೊರಗೆ ಹಾಕ್ಕೊಂಡು ಬಿಸಿಲು ಕಾಯಿಸ್ಕೊಳ್ತಾ ಕೂತಿದಾಳೆ ಮಹಾರಾಯ್ತಿ. ಬಾ ಬೇಗ!”

ದೋಸೆ ಸೀಯುತ್ತದೆ. ಹೊಗೆಯ ಅಲಾರಂ ಅರಚಿಕೊಳ್ಳುತ್ತದೆ. ಒಂಬತ್ತು ವರ್ಷದ ತನ್ವಿ ಕುರ್ಚಿ ಹತ್ತಿ ಟವೆಲ್ ಬೀಸುತ್ತಾಳೆ. “ಅಮ್ಮ, ಆರ್ ಯೂ ಕ್ರೈಯಿಂಗ್?”

“ಹೊಗೆ ಕಣೇ, ಹೊಗೆ. ಶೂ ಹಾಕ್ಕೋ, ನಡಿ!”

ಸುಭದ್ರಾ ಕಟ್ಟಿದ ಮನೆ ಇರುವುದು ಅಡಿಲೇಡ್‌ನಿಂದ ಉತ್ತರಕ್ಕೆ ಎರಡು ಗಂಟೆಯ ದಾರಿಯಲ್ಲಿ, ಮರವೇ ಇಲ್ಲದ ಒಂದು ಹುಲ್ಲುಬಯಲಿನಲ್ಲಿ. ಅಲ್ಲಿ ಕೈಯುದ್ದವೂ ಇಲ್ಲದ ಒಂದು ಹಾವುರಾಣಿ ಬದುಕುತ್ತದೆ. ಹೆಸರು ಪಿಗ್ಮಿ ಬ್ಲೂಟಂಗ್. ಹೆಸರಿನಲ್ಲಿ ನೀಲಿ ನಾಲಿಗೆಯಿದೆ, ಬಾಯಿ ತೆರೆದರೆ ನಾಲಿಗೆ ಗುಲಾಬಿ. ಒಂದು ಕಾಲಕ್ಕೆ ಇದರ ಕುಲವೇ ಅಳಿಯಿತೆಂದು ಎಲ್ಲರೂ ನಂಬಿದ್ದರು. ಗೆದ್ದಲು ಕಟ್ಟಿದ ಹುತ್ತಕ್ಕೆ ಹಾವು ಹೊಕ್ಕಂತೆ, ಇದು ಜೇಡ ತೋಡಿದ ಬಿಲಕ್ಕೆ ಹೊಗುತ್ತದೆ. ತಾನಾಗಿ ತೋಡಲು ಬರುವುದಿಲ್ಲ. ನೇಗಿಲು ಓಡಿದ ನೆಲದಲ್ಲಿ ಜೇಡವಿಲ್ಲ, ಬಿಲವಿಲ್ಲ, ಹಾವುರಾಣಿಗೆ ನೆಲೆಯೂ ಇಲ್ಲ. ಹಾಗಾಗಿ ಬಯಲನ್ನು ಕಾಯುವ ಸ್ವಯಂಸೇವಕರು ದುಂಡನೆಯ ಮರದ ತುಂಡುಗಳಿಗೆ ಉದ್ದಕ್ಕೂ ತೂತು ಕೊರೆದು, ಬಾಯಿ ಮಾತ್ರ ಕಾಣುವಂತೆ ನೆಲಕ್ಕೆ ಬಡಿಯುತ್ತಾರೆ.

ಕೊರೆಯುವ ಕೆಲಸ ಸುಭದ್ರಾ ಅವರದು. ವಾರಕ್ಕೆ ನಾಲ್ಕು ದಿನ ಪ್ರಾಸ್ಪೆಕ್ಟ್ ರಸ್ತೆಯ ಇಂಡಿಯನ್ ಅಂಗಡಿಯಲ್ಲಿ ಬಿಲ್ಲು ಹಾಕಿ, ಸಂಜೆ ಕುಕ್ಕರ್ ಕೂಗುವಷ್ಟರಲ್ಲಿ ಗ್ಯಾರೇಜಿನಲ್ಲಿ ಎರಡು ಕೊಳವೆ ಮುಗಿಸುತ್ತಾರೆ. ಗೇಣಿಗಿಂತ ತುಸು ಉದ್ದ, ಹೆಬ್ಬೆರಳು ತೂರುವಷ್ಟು ಅಗಲ. “ಒಳಗೆ ನುಣ್ಣಗೆ ಮಾಡ್ಬಾರ್ದು. ಉಗುರಿಗೆ ಹಿಡಿತ ಸಿಗಲ್ಲ, ಪಾಪ ಜಾರಿಬಿಡುತ್ತೆ” ಎನ್ನುತ್ತಾರೆ.

ಮೊದಲ ವರ್ಷ ಅವರು ಬೇರೆಯೇ ಯಡವಟ್ಟು ಮಾಡಿದ್ದರು. ಮೈಸೂರಿನ ಮನೆಯಲ್ಲಿ ಅಜ್ಜಿ ಮರದ ಸಾಮಾನಿಗೆಲ್ಲ ಬೇವಿನೆಣ್ಣೆ ಸವರುತ್ತಿದ್ದುದು ನೆನಪಾಗಿ, ಗೆದ್ದಲು ಹಿಡಿಯದಿರಲೆಂದು ಪ್ರತಿ ಕೊಳವೆಗೂ ಎಣ್ಣೆ ಕುಡಿಸಿದರು. ಆ ಘಾಟಿಗೆ ಮಿಡತೆ ಕೂಡ ಹತ್ತಿರ ಸುಳಿಯಲಿಲ್ಲ. ಎಲ್ಲವನ್ನೂ ಕಿತ್ತು ಹೊಸದಾಗಿ ಕೊರೆಯಬೇಕಾಯಿತು. “ಬಾಡಿಗೆಗೆ ಬೋರ್ಡ್ ಹಾಕಿ, ಬಂದೋರಿಗೆ ಹೊಗೆ ಹಾಕಿದ್ಲು ನಮ್ಮ ಸುಭದ್ರಾ” ಎಂದು ನಿವೃತ್ತ ಎಂಜಿನಿಯರ್ ರಮಾಕಾಂತ್ ಇವತ್ತಿಗೂ ಕಾಡಿಸುತ್ತಾರೆ. ವಾರಾಂತ್ಯದ ಕಾವಲಿಗೆ ಅವರು ಬಯಲಿನಲ್ಲೇ ಗುಡಾರ ಹಾಕುತ್ತಾರೆ.

ಒಂದು ಋತು ಹಾಗೆ ಕೈತಪ್ಪಿತು. ಹೊಸ ಕೊಳವೆಗಳೂ ಒಂದು ವರ್ಷದಿಂದ ಖಾಲಿ. ಬೇಸಿಗೆ ಬಲಿಯುವುದರೊಳಗೆ ಒಂದಾದರೂ ಒಕ್ಕಲು ಬರದಿದ್ದರೆ ಸುಭದ್ರಾ ಅವರ ಕೊಳವೆಗಳಿರುವ ತಾಕನ್ನು ಕೈಬಿಟ್ಟು ಅವನ್ನು ಬೇರೆಡೆಗೆ ಒಯ್ಯುವುದೆಂದು ಬಯಲಿನ ತಂಡ ತೀರ್ಮಾನಿಸಿದೆ. ಇಂದಿನ ಕರೆಗೆ ದೋಸೆ ಸೀದದ್ದು ಸುಮ್ಮನೆ ಅಲ್ಲ.

ಒಕ್ಕಲು ಎಬ್ಬಿಸುವುದು ಏನೆಂದು ಈ ಮನೆಗೂ ಗೊತ್ತು. ಗಂಡ ರಾಘವ ಆಸ್ಪತ್ರೆಯ ವೈದ್ಯ. ಕರಾರಿನ ಕೆಲಸ, ಕರೆದಲ್ಲಿಗೆ ಹೋಗಬೇಕು. ಮೊದಲು ಪರ್ತ್‌ನ ಎಲೆನ್‌ಬ್ರೂಕ್. ತನ್ವಿ ಹೆಜ್ಜೆಯಿಟ್ಟದ್ದು ಅಲ್ಲಿ. ಆಮೇಲೆ ಬ್ರಿಸ್ಬೇನ್‌ನ ಸೇಂಟ್ ಲೂಸಿಯಾ. ಅಲ್ಲಿ ಅವಳಿಗೊಬ್ಬ ಜೀವದ ಗೆಳತಿಯಿದ್ದಳು. “ನಾವು ಇಲ್ಲೇ ಇರ್ತೀವಾ?” ಎಂದು ಒಮ್ಮೆ ಕೇಳಿದಳು. “ನೋಡೋಣ ಪುಟ್ಟಿ” ಎಂದರು ಅಮ್ಮ. ತಿಂಗಳು ಕಳೆಯುವಷ್ಟರಲ್ಲಿ “ಪುಟ್ಟಿ, ಒಂದು ಮಾತು ಹೇಳ್ಬೇಕಿತ್ತು” ಎಂದು ಎದುರು ಕೂರಿಸಿಕೊಂಡರು. ಹಜಾರಕ್ಕೆ ರಟ್ಟಿನ ಡಬ್ಬಗಳು ಬಂದವು.

ಅಡಿಲೇಡ್‌ಗೆ ಬಂದಮೇಲೆ ತನ್ವಿ ಆ ಪ್ರಶ್ನೆಯನ್ನು ಮತ್ತೆ ಕೇಳಿಲ್ಲ. ಅವಳ ಪುಸ್ತಕದ ಡಬ್ಬ ಬ್ರಿಸ್ಬೇನ್‌ನಲ್ಲಿ ಅಂಟಿಸಿದ ಟೇಪಿನೊಂದಿಗೆ ಹಾಗೇ ಮಂಚದ ಕೆಳಗಿದೆ.

“ಬಿಚ್ಚು ಅಂತ ನಾನೂ ಒತ್ತಾಯ ಮಾಡ್ಲಿಲ್ಲ. ಯಾವ ಬಾಯಿಂದ ಹೇಳ್ಲಿ?” ಎನ್ನುತ್ತಾರೆ ಸುಭದ್ರಾ. ನಿನ್ನೆ ಸಂಜೆ ರಾಘವ ಅವರ ಕೆಲಸ ಇಲ್ಲೇ ಕಾಯಂ ಆಯಿತು. ದೋಸೆಯ ಜೊತೆ ಬಡಿಸಬೇಕೆಂದಿದ್ದ ಸಂಗತಿ ಅದೇ.

ಕಾರು ಊರು ದಾಟುತ್ತಲೇ ಸುಭದ್ರಾ ಮತ್ತೆ ಶುರುಮಾಡುತ್ತಾರೆ. “ಪುಟ್ಟಿ, ಒಂದು ಮಾತು…” ಅಷ್ಟೇ. ತನ್ವಿ ಹೆಡ್‌ಫೋನ್ ಏರಿಸಿಕೊಂಡು ಕಿಟಕಿಯ ಕಡೆ ತಿರುಗುತ್ತಾಳೆ. ಆ ಮಾತಿನ ಹಿಂದೆ ಏನು ಬರುತ್ತದೆಂದು ಅವಳಿಗೆ ಗೊತ್ತು. ಅಮ್ಮನಿಗೆ ತನ್ನ ತಪ್ಪು ಹೊಳೆಯುತ್ತದೆ. ಮಗಳ ಮೊಣಕಾಲು ತಟ್ಟಿ ಕಾರು ಓಡಿಸುತ್ತಾರೆ.

ಬಯಲಿನಲ್ಲಿ ಹುಲ್ಲು ಹೊಂಬಣ್ಣಕ್ಕೆ ತಿರುಗಿದೆ. ರಮಾಕಾಂತ್ ಅಂಗಾತ ಬಿದ್ದ ಆಮೆಯಂತೆ ಕೈ ಬೀಸಿ, ಬಗ್ಗಿಕೊಂಡು ಬನ್ನಿ ಎಂದು ಸನ್ನೆ ಮಾಡುತ್ತಾರೆ. ಮೂವರೂ ಬೋರಲು ಮಲಗುತ್ತಾರೆ. ನಾಲ್ಕು ಮಾರು ದೂರದಲ್ಲಿ ಬಿಲದ ಬಾಯಿ. ಖಾಲಿ.

“ನಿಮ್ಮ ಕಾರಿನ ಸದ್ದಿಗೆ ಒಳಗೋದ್ಲು” ಎಂದು ಅಂಕಲ್ ಗೊಣಗುತ್ತಾರೆ. “ಇಣುಕಿ ನೋಡ್ಕೊಂಡು ಹೋಗೋರು ಬೇಕಾದಷ್ಟು. ಉಳೀತಾಳಾ ಅನ್ನೋದೇ ಪ್ರಶ್ನೆ.”

ಸುಭದ್ರಾ ಉಸಿರು ಬಿಗಿಹಿಡಿದಿದ್ದಾರೆ. ತನ್ವಿಯ ಹೆಡ್‌ಫೋನ್ ಕೊರಳಿಗೆ ಇಳಿದಿದೆ. ಬಿಲದಲ್ಲಿ ಮೊದಲು ಮೂತಿ ಕಾಣುತ್ತದೆ, ಆಮೇಲೆ ಕಣ್ಣು. ಪಕ್ಕದ ಹುಲ್ಲಿಗೆ ಮಿಡತೆಯೊಂದು ಹಾರಿ ಕೂರುತ್ತದೆ. ಸರಕ್ಕನೆ ಹೊರಬಂದ ಹಾವುರಾಣಿ ಅದನ್ನು ಕಚ್ಚಿ, ಎತ್ತಲೂ ನೋಡದೆ, ಬಂದ ಬಿಲಕ್ಕೇ ತಿರುಗಿ ನುಗ್ಗುತ್ತದೆ.

“ನೋಡಿದ್ರಾ!” ಅಂಕಲ್ ಎದ್ದು ಕುಣಿಯುವುದೊಂದೇ ಬಾಕಿ. “ಊಟ ತಗೊಂಡು ವಾಪಸ್ ಬಂದ್ಲು ಅಂದ್ರೆ ಮನೆ ಅಂತ ಒಪ್ಪಿಕೊಂಡ್ಲು. ಪಾರ್ಟಿ ಯಾವಾಗಮ್ಮ, ಬೇವಿನೆಣ್ಣೆ?”

ಸುಭದ್ರಾ ಅಳುತ್ತ ನಗುತ್ತಿದ್ದಾರೆ. ಈ ಸಲ ಹೊಗೆಯ ನೆಪವಿಲ್ಲ. “ನಾನು ಕೊರೆದ ತೂತು ಅಂಕಲ್ ಅದು, ನಾನು ಕೊರೆದದ್ದು” ಎನ್ನುತ್ತಾರೆ.

ತನ್ವಿ ಮಂಡಿಯೂರಿ ಎದ್ದಿದ್ದಾಳೆ. ಮುಂಗೈಗೆ ಹುಲ್ಲಿನ ಗೀರು, ಕೆನ್ನೆಗೆ ಮಣ್ಣು. “ಅವ್ಳು ಇಲ್ಲೇ ಇರ್ತಾಳಾ ಅಂಕಲ್?”

“ಇಲ್ಲೇ ಪುಟ್ಟಿ. ಇನ್ನೆಲ್ಲಿಗೆ?”

ಅವಳು ಬಿಲವನ್ನು ನೋಡುತ್ತಾಳೆ, ಅಮ್ಮನನ್ನು ನೋಡುತ್ತಾಳೆ. ಇಲ್ಲಿ ಮೆಲ್ಲಗೆ ಮಾತಾಡಬೇಕೆಂಬ ನಿಯಮ ಅವಳಿಗೆ ಮರೆತೇಹೋಗಿದೆ. ಇಡೀ ಬಯಲಿಗೆ ಕೇಳುವಂತೆ ಕೂಗುತ್ತಾಳೆ:

“ಅಮ್ಮಾ, ಮತ್ತೆ ನಾವು? ನಾವೂ ಇಲ್ಲೇ ಇರ್ತೀವಾ?”