ಎಂಬತ್ತೊಂದು ಕುಣಿಕೆಯ ಶಾಲು

ಸೇಡಂ ಬಿಸಿಲಿನಲ್ಲಿ ಕೂತು ಶಾಲು ಹೆಣೆಯುವವಳಿಗೆ ತಲೆ ನೆಟ್ಟಗಿಲ್ಲ ಎಂದು ಯಾರಾದರೂ ಅಂದರೆ ನಾನು ವಾದಕ್ಕೆ ಇಳಿಯುವುದಿಲ್ಲ. ನೆಟ್ಟಗಿರಲಿಲ್ಲ, ನಿಜ. ಅದಕ್ಕೆ ಕಾರಣ ವಾಡಿಯ ನನ್ನ ಬೀಗಿತ್ತಿ.

ಮಗಳ ಕುಬಸದ ದಿನ ಅವರು ಆರತಿ ತಟ್ಟೆಯ ಮೇಲೆ ತಾವೇ ಕ್ರೋಶಾದಲ್ಲಿ ಹೆಣೆದ ಬಿಳಿ ಹೊದಿಕೆ ಮುಚ್ಚಿಕೊಂಡು ಬಂದಿದ್ದರು. ಹೂವಿನ ಒಂದೊಂದು ಎಸಳೂ ಅಚ್ಚಿನಲ್ಲಿ ತೆಗೆದಷ್ಟು ಸಮ. ಬಂದ ಹೆಂಗಸರೆಲ್ಲ ಬಸುರಿಯನ್ನು ಬಿಟ್ಟು ತಟ್ಟೆಯ ಸುತ್ತ ಕೂತರು. “ಎಲ್ಲಾ ಎಣಿಕಿ ಮ್ಯಾಲೇ ನಿಂತದ ನೋಡ್ರಿ. ಒಂದ ತಪ್ಪಿದ್ರ ಕಣ್ಣಿಗಿ ಹೊಡೀತದ,” ಎಂದು ಬೀಗಿತ್ತಿ ನನ್ನ ಕಡೆ ತಿರುಗಿ ನಕ್ಕರು. ಮೂವತ್ತು ವರ್ಷ ಹೈಸ್ಕೂಲಿನಲ್ಲಿ ಗಣಿತ ಕಲಿಸಿ ನಿವೃತ್ತಳಾದವಳಿಗೆ ಎಣಿಕೆಯ ಪಾಠ! ನನಗೆ ಆ ನಗು ಹಿಡಿಸಲಿಲ್ಲ. “ನಾನೂ ಕೂಸಿಗಿ ಒಂದು ಎಲಿ ಡಿಜೈನಿನ ಶಾಲು ಹೆಣೀಲಿಕತ್ತೀನ್ರಿ. ತೊಟ್ಟಿಲಕ್ಕ ಹಾಕೋ ದಿನ ನೀವೇ ನೋಡ್ರಲ್ಲ,” ಎಂದುಬಿಟ್ಟೆ.

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ನಾನು ಹೆಣಿಗೆಯ ಕಡ್ಡಿ ಹಿಡಿದದ್ದು ಏಳನೇ ಈಯತ್ತೆಯಲ್ಲಿ. ಆಗ ಶುರು ಮಾಡಿದ ಮಫ್ಲರು ಇವತ್ತಿಗೂ ಅರ್ಧ ಇದೆ. ಚಿತ್ತಾಪುರದ ಅಂಗಡಿಯಲ್ಲಿ ಉಲ್ಲನ್ ಕೇಳಿದರೆ ಅಂಗಡಿಯವನು ಫ್ಯಾನು ನನ್ನ ಕಡೆಗೆ ತಿರುಗಿಸಿ, “ಮೇಡಮ್ಮೋರ, ಮೊದಲ ಒಂದೀಟು ನೀರು ಕುಡೀರಿ,” ಎಂದ. ಕೊನೆಗೆ ಅವನ ಹತ್ತಿರವೇ ಬಿಳಿ ಹತ್ತಿ ನೂಲು ಸಿಕ್ಕಿತು. ಪಾಠ ಫೋನಿನ ವಿಡಿಯೊದಲ್ಲಿ.

ಲೇಸ್ ಹೆಣಿಗೆಯ ಗುಟ್ಟು ಇಷ್ಟೇ. ತೂತು ಬೇಕಾದ ಕಡೆ ಕಡ್ಡಿಗೆ ನೂಲು ಒಂದು ಸುತ್ತು ಸುತ್ತಬೇಕು, ಅಲ್ಲಿ ಒಂದು ಕುಣಿಕೆ ಹೆಚ್ಚಾಗುತ್ತದೆ. ಅದರ ಪಕ್ಕದಲ್ಲೇ ಎರಡು ಕುಣಿಕೆಗಳನ್ನು ಕೂಡಿಸಿ ಒಂದು ಮಾಡಬೇಕು, ಅಲ್ಲಿ ಒಂದು ಕಡಿಮೆಯಾಗುತ್ತದೆ. ಕೂಡಿದ್ದು ಕಳೆದದ್ದು ಸರಿಹೋಗಿ ಪ್ರತಿ ಸಾಲಿನ ಕೊನೆಗೂ ಅದೇ ಸಂಖ್ಯೆ ಉಳಿಯಬೇಕು. ನನ್ನ ಶಾಲಿಗೆ ಎಂಟು ಎಲೆ, ಎಲೆಗೆ ಹತ್ತರಂತೆ, ಅಂಚಿಗೆ ಒಂದು. ಎಂಬತ್ತೊಂದು. ಎಂಬತ್ತೆರಡಾದರೆ ಮುಂದಿನ ಸಾಲಿನಲ್ಲಿ ಎಲೆಯ ದೇಟು ಒಂದು ಕಡೆ, ಎಲೆ ಇನ್ನೊಂದು ಕಡೆ. ಒಂದು ಸಾಲು ಹೀಗೆ ತೂತಿನದು, ಅದರ ಮುಂದಿನದು ಬರೀ ಸಾದಾ ಸಾಲು. ಸಾದಾ ಸಾಲಿನಲ್ಲಿ ತಲೆ ಓಡಿಸುವುದೇನೂ ಇಲ್ಲ, ಕೈ ಓಡಿದರೆ ಸಾಕು.

ಮಗಳು ಹೆತ್ತು ಮಲಗಿದಳು. ಬಾಣಂತನಕ್ಕೆಂದು ಚಿತ್ತಾಪುರದಿಂದ ನನ್ನ ಅವ್ವ ಬಂದಳು. ಎಂಬತ್ತು ದಾಟಿದ್ದರೂ ಕೂಸಿಗೆ ಎರೆಯುವುದಕ್ಕೆ ಬೇರೆಯವರ ಕೈ ಮುಟ್ಟಗೊಡುವವಳಲ್ಲ. ಎರೆದು ಮುಗಿಸಿದ ಮೇಲೆ ಶಹಾಬಾದ್ ಕಲ್ಲಿನ ತಣ್ಣನೆಯ ನೆಲದ ಮೇಲೆ ಕಾಲು ಚಾಚಿ ಕೂತು, “ತಾ ಇಲ್ಲಿ, ಸಾದಾ ಸಾಲ ನನಗ ಕೊಡು,” ಎನ್ನುವಳು. ಕೂಸು ಅತ್ತಾಗ, ಬಂದವರಿಗೆ ಚಹಾ ಇಡುವಾಗ ನಾನು ಕಡ್ಡಿಗಳನ್ನು ಅವಳ ಕೈಗೆ ಕೊಟ್ಟು ಏಳುತ್ತಿದ್ದೆ.

ಆಮೇಲೆ ಶುರುವಾಯಿತು ನನ್ನ ಗ್ರಹಚಾರ. ಒಂದು ದಿನ ಎಣಿಸಿದರೆ ಎಂಬತ್ತೆರಡು, ಮರುದಿನ ಎಂಬತ್ತಮೂರು. ಬಿಚ್ಚಿ, ಸರಿ ಇದ್ದ ಸಾಲಿಗೆ ಹಿಂದೆ ಹೋಗಿ ಮತ್ತೆ ಹೆಣೆದೆ. ಮತ್ತೆ ಎಂಬತ್ತೆರಡು. ಪರೀಕ್ಷೆಯಲ್ಲಿ ಉತ್ತರ ತಪ್ಪಾದರೆ ಹಂತಗಳಿಗೂ ಅಂಕ ಕೊಡದಿದ್ದ ನಾನು, ನನಗೆ ನಾನೇ ಸೊನ್ನೆ ಕೊಟ್ಟುಕೊಂಡು ಬಿಚ್ಚುತ್ತಾ ಕೂತೆ. ಎಣಿಸುವಾಗ ಯಾರು ಮಾತಾಡಿಸಿದರೂ ಮೈ ಉರಿಯುತ್ತಿತ್ತು. ಒಮ್ಮೆ ನಮ್ಮ ಯಜಮಾನರು, “ಚಾ ಆಗ್ತದೇನು?” ಎಂದು ಕೇಳಿದರು. “ಐವತ್ತೇಳು ಆಗ್ತಾವ,” ಎಂದೆ. ಅವರು ಪಾಪ, ಚಪ್ಪಲಿ ಮೆಟ್ಟಿ ಬಸ್‌ಸ್ಟ್ಯಾಂಡಿನ ಹೋಟೆಲಿಗೆ ಹೋದರು.

ಒಂದು ಸಲ ಅವ್ವನ ಎಣಿಕೆಯ ಮೇಲೂ ಅನುಮಾನ ಬಂತು. ಅವಳ ಅಪ್ಪನದು ಚಿತ್ತಾಪುರದಲ್ಲಿ ತೊಗರಿಯ ಅಡತಿ ಅಂಗಡಿ. ಅಲ್ಲಿ ಅಳೆಯುವವರು ಮೊದಲ ಸೇರನ್ನು ‘ಒಂದು’ ಅನ್ನುವುದಿಲ್ಲ, ‘ಲಾಭ’ ಅನ್ನುತ್ತಾರೆ. ಅವ್ವ ಕುಣಿಕೆಯನ್ನೂ ಹಾಗೇ ಎಣಿಸುತ್ತಾಳೆ: ಲಾಭ, ಎರಡು, ಮೂರು. ಲಾಭವನ್ನು ಬಿಟ್ಟು ಎಣಿಸುತ್ತಾಳೇನೋ ಎಂದು ಪಕ್ಕದಲ್ಲಿ ಕೂತು ಅರ್ಧ ಸಾಲು ನೋಡಿದೆ. ಇಲ್ಲ, ಲೆಕ್ಕ ನನಗಿಂತ ಚುರುಕು. ತಪ್ಪು ನನ್ನದೇ ಎಂದು ಕನ್ನಡಕದ ನಂಬರು ಬದಲಾಯಿಸಿಕೊಂಡು ಬಂದೆ. ಹೊಸ ಕನ್ನಡಕದಲ್ಲಿ ಎಂಬತ್ತೆರಡು ಇನ್ನೂ ಸ್ಪಷ್ಟವಾಗಿ ಕಂಡಿತು.

ತೊಟ್ಟಿಲ ದಿನ ಹತ್ತಿರ ಬಂತು. ಶಾಲು ಮಾತ್ರ ಕರವಸ್ತ್ರದಷ್ಟಿತ್ತು. ಬೀಗಿತ್ತಿ ಫೋನು ಮಾಡಿದಾಗಲೆಲ್ಲ ಕೂಸಿನ ಆರೋಗ್ಯ ಕೇಳಿದ ಮೇಲೆ, “ಶಾಲು ಎಲ್ಲಿತನ ಬಂತ್ರಿ ಅಕ್ಕಾರ?” ಎನ್ನುವರು. “ಅಂಚು ಉಳದದ ಅಷ್ಟ,” ಎಂದು ಹೇಳಿ ಫೋನಿಡುವಷ್ಟರಲ್ಲಿ ನನಗೆ ಬೆವರು ಬರುತ್ತಿತ್ತು. ಖಾಲಿ ಕೈಯಲ್ಲಿ ಆಕೆಯ ಮುಂದೆ ನಿಂತರೆ ಮುಗಿಯಿತು, ಮುಂದೆ ಹತ್ತು ವರ್ಷ ಪ್ರತಿ ಮದುವೆ ಮುಂಜಿಯಲ್ಲೂ ಇದೇ ಮಾತು.

ಒಂದು ಮಧ್ಯಾಹ್ನ ಕೂಸು ಬೇಗ ಮಲಗಿತೆಂದು ನಾನೂ ಬೇಗ ಹೊರಗೆ ಬಂದೆ. ಅವ್ವ ಸಾದಾ ಸಾಲು ಮುಗಿಸುತ್ತಿದ್ದಳು. “ಎಪ್ಪತ್ತೊಂಬತ್ತ, ಎಂಬತ್ತ, ಎಂಬತ್ತೊಂದ.” ನನ್ನ ಜೀವ ತಣ್ಣಗಾಯಿತು. ಅಷ್ಟರಲ್ಲಿ ಅವಳು ಉಸಿರೂ ಬಿಡದೆ ನೂಲನ್ನು ಹೆಬ್ಬೆರಳಿಗೆ ಸುತ್ತಿ, ಇನ್ನೊಂದು ಕುಣಿಕೆಯನ್ನು ಕಡ್ಡಿಗೆ ಏರಿಸಿ, ಬೆರಳಿನಿಂದ ಮೆಲ್ಲಗೆ ತಟ್ಟಿದಳು.

“ಅವ್ವಾ, ಏನ್ ಮಾಡಿದಿ?”

“ಯಾಕ? ಎಣಿಕಿ ಬರೋಬರಿ ಅದ.”

“ಮ್ಯಾಲ ಒಂದು ಹಾಕಿದೆಲ್ಲ?”

“ಅದು ಎಣಿಕ್ಯಾಗಿಂದಲ್ಲ. ಕೊಸರು.”

ಸೇರು ತುಂಬಿ ಸುರಿದಾದ ಮೇಲೆ ಒಂದು ಹಿಡಿ ಮೇಲೆ ಹಾಕುವುದು ಅವಳ ತವರಿನ ಪದ್ಧತಿ. ಅಲ್ಲಿ ಕೊಸರು ಕೇಳದವರಿಗೂ ಸಿಗುತ್ತಿತ್ತಂತೆ. ತೊಗರಿಗೆ ಅದು ಚಂದ. ನಾನು ತಲೆಯ ಮೇಲೆ ಕೈ ಹೊತ್ತು ಕೂತು, ಲೇಸು ಎಂದರೇನು, ಎಂಬತ್ತೊಂದು ಎಂದರೇನು, ನಾನು ಇಷ್ಟು ದಿನ ಬಿಚ್ಚಿದ್ದೇನು ಎಂದು ಅವಳಿಗೆ ಪಾಠ ಮಾಡಿದೆ. ದನಿ ಏರಿತ್ತು, ಏರಿಲ್ಲ ಎಂದು ಸುಳ್ಳು ಹೇಳಲಾರೆ. ಅವ್ವ ಪೂರ್ತಿ ಕೇಳಿ, “ಕೂಸಿಗಿ ಬರೋಬರಿ ಅಳದು ಕೊಟ್ಟರ ಅದು ಕೊಟ್ಟಂಗ ಆಗ್ತದೇನು? ಮಾರಿದಂಗ ಆಗ್ತದ,” ಎಂದಳು. ಕಡ್ಡಿಗಳನ್ನು ನನ್ನ ಮಡಿಲಿಗೆ ಹಾಕಿ ಒಳಗೆ ಹೋದಳು.

ಎರಡು ದಿನ ನಾನೊಬ್ಬಳೇ ಹೆಣೆದೆ. ಎಂಬತ್ತೊಂದು ಅಲ್ಲಾಡಲಿಲ್ಲ, ಶಾಲೂ ಅಲ್ಲಾಡಲಿಲ್ಲ. ಒಂದು ಕಡೆ ಅಡಿಗೆ, ಒಂದು ಕಡೆ ಬಾಣಂತಿ, ಒಂದು ಕಡೆ ಬರುವವರು ಹೋಗುವವರು. ಅವ್ವನ ಕೈ ಇಲ್ಲದೆ ಇದು ಮುಗಿಯುವ ಮಾತಲ್ಲ. ಅವಳು ಗೋಡೆಗೆ ಒರಗಿ ಸುಮ್ಮನೆ ಕೂತದ್ದನ್ನು ನೋಡಲೂ ನನ್ನಿಂದ ಆಗಲಿಲ್ಲ. ಹೋಗಿ ಪಕ್ಕದಲ್ಲಿ ಕೂತು ಸಾದಾ ಸಾಲು ಕೊಟ್ಟೆ. “ಇನ್ನ ಕೊಸರು ಹಾಕಂಗಿಲ್ಲ, ಆತಿಲ್ಲ?” ಎಂದೆ. “ಆತು ಬಿಡು,” ಎಂದಳು. ಸಾಲು ಮುಗಿಯಿತು. ಹೆಬ್ಬೆರಳು ತಾನೇ ಎದ್ದು ನೂಲು ಸುತ್ತಿಕೊಂಡಿತು. ಅವ್ವ ತನ್ನ ಬೆರಳನ್ನೇ ನೋಡಿ, “ಕೈ ಕೇಳವಲ್ದು ನೋಡವ್ವ,” ಎಂದಳು. ಬೇಕೆಂದೇ ಮಾಡಿದ್ದಾಗಿದ್ದರೆ ಜಗಳವಾಡಬಹುದಿತ್ತು. ನನಗೆ ನಗು ಬಂತು.

ಕೊನೆಗೆ ಒಂದು ಒಪ್ಪಂದವಾಯಿತು. ಎಂಬತ್ತೊಂದನೇ ಕುಣಿಕೆಯ ಪಕ್ಕಕ್ಕೆ ಒಂದು ಸೇಫ್ಟಿ ಪಿನ್ನು ಸಿಕ್ಕಿಸಿದೆ. ಪಿನ್ನಿನ ಈಚೆಗೆ ಎಲೆಗಳು, ಅಲ್ಲಿ ಕೂಡುವ ಕಳೆಯುವ ಅಧಿಕಾರ ನನ್ನದು. ಆಚೆಗೆ ಸಾದಾ ಹೆಣಿಗೆ, ಅದು ಅವ್ವನ ರಾಜ್ಯ. “ಗಡಿ ದಾಟಬ್ಯಾಡ,” ಎಂದೆ. “ನೀನೂ ಈ ಕಡಿ ಬರಬ್ಯಾಡ,” ಎಂದಳು. ಕೆಲಸ ಓಡಿತು. ಎಲೆಗಳು ಒಂದರ ಮೇಲೊಂದು ನೆಟ್ಟಗೆ ಏರಿದವು. ಶಾಲಿನ ಒಂದು ಅಂಚು ಗೆರೆ ಎಳೆದಂತೆ ನಿಂತರೆ ಇನ್ನೊಂದು ಅಂಚು ಸ್ವಲ್ಪ ಸ್ವಲ್ಪವೇ ಹೊರಗೆ ಸರಿಯುತ್ತಾ ಹೋಯಿತು. ಪ್ರತಿ ಸಾಲಿಗೂ ನಾನು ಈಚೆ ಎಣಿಸುವೆ, ಎಂಬತ್ತೊಂದು. ಚಟ ಬಿಡಬೇಕಲ್ಲ, ಆಚೆಯದನ್ನೂ ಎಣಿಸುವೆ.

ತೊಟ್ಟಿಲ ದಿನ ಬೀಗರು ವಾಡಿಯಿಂದ ರೈಲಿನಲ್ಲಿ ಬಂದರು. ಶರಣು ಶರಣಾರ್ಥಿ ಆಯಿತು, ಬಾಯಿಗೆ ಬೆಲ್ಲ ಆಯಿತು. ಸೊಟ್ಟ ಅಂಚು ಕೆಳಗೆ ಬರುವಂತೆ ಶಾಲನ್ನು ಮಡಚಿ ಇಟ್ಟಿದ್ದೆ. ಬೀಗಿತ್ತಿ ಮಡಿಕೆ ಬಿಚ್ಚಿ ಮಡಿಲ ತುಂಬ ಹರಡಿಕೊಂಡರು. ಒಂದೊಂದು ಎಲೆಯ ಮೇಲೂ ಬೆರಳಾಡಿಸಿದರು.

“ಎಲಿ ಎಲ್ಲಾ ಬರೋಬರಿ ಬಂದಾವ್ರಿ ಅಕ್ಕಾರ. ಭಾಳ ಚಂದ ಆಗ್ಯಾದ.”

ನನಗೆ ಒಂದು ಗಳಿಗೆ ಸ್ವರ್ಗ ಮೂರೇ ಗೇಣು ಉಳಿಯಿತು. ಆಗಲೇ ಅವರ ಬೆರಳು ಪಿನ್ನು ಇದ್ದ ಜಾಗ ದಾಟಿ ಅಂಚಿಗೆ ಬಂತು. “ಇಲ್ಲಿ ಯಾಕ ಹೆಚ್ಚ ಬಂದಾವ್ರಿ?” ಎಂದವರೇ ಉಗುರು ಊರಿ ಎಣಿಸತೊಡಗಿದರು. ಹೆಂಗಸರೆಲ್ಲ ಬಗ್ಗಿದರು. ಇದು ಹೊಸ ಫ್ಯಾಷನ್ನು, ವಿಡಿಯೊದಲ್ಲಿ ಹಾಗೇ ಇದೆ ಎಂಬ ಸುಳ್ಳು ನನ್ನ ನಾಲಿಗೆಯ ತುದಿಯಲ್ಲಿತ್ತು.

“ಅವು ನಾ ಹಾಕಿದ್ದು,” ಎಂದಳು ತೊಟ್ಟಿಲ ಹತ್ತಿರ ಕೂತಿದ್ದ ಅವ್ವ. “ಕೊಸರು.”

“ಎಷ್ಟ ಹಾಕೀರಿ ಆಯಿ?” ಬೀಗಿತ್ತಿಯ ಉಗುರು ಇನ್ನೂ ಅಂಚಿನ ಮೇಲೇ ಇತ್ತು.

ಅವ್ವನಿಗೆ ಆ ಪ್ರಶ್ನೆಯೇ ತಿಳಿಯಲಿಲ್ಲ. “ಕೊಸರು ಯಾರರ ಎಣಸ್ತಾರೇನವ್ವ?”

ಬೀಗಿತ್ತಿ ಉಗುರು ತೆಗೆದರು. ಮೊದಲು ಅವರೇ ನಕ್ಕರು, ಆಮೇಲೆ ಎಲ್ಲರೂ. ಕೂಸನ್ನು ಎತ್ತಿ ಶಾಲಿನಲ್ಲಿ ಸುತ್ತಿ ಅವ್ವನ ಕೈಗೇ ಕೊಟ್ಟರು. ನಾನೂ ನಕ್ಕೆ, ಸ್ವಲ್ಪ ತಡವಾಗಿ. ಹತ್ತೊಂಬತ್ತು ಇದ್ದವು. ಆ ಮನೆಯಲ್ಲಿ ಅದು ಗೊತ್ತಿದ್ದವಳು ನಾನೊಬ್ಬಳೇ.