ಕೆಂಪು ನೀರು, ಸಾಬುದಾನಿ ಮಣಿ

ನನ್ನ ಸೋದರತ್ತೆಗೆ ಕೆಂಪು ಬಣ್ಣದ ಮೇಲಿರುವಷ್ಟು ಪ್ರೀತಿ ಮಾವನ ಮೇಲಿದೆಯೋ ಇಲ್ಲವೋ, ಕೇಳುವ ಧೈರ್ಯ ನಮಗ್ಯಾರಿಗೂ ಇಲ್ಲ. ರಾಯಿಕೋಡಿನ ಹತ್ತಿರದ ಹಳ್ಳಿಯಲ್ಲಿ ಅವರದು ಕುರಿ ಸಾಕುವ ಮನೆ. ಅತ್ತೆ ಉಣ್ಣೆ ನೂತು, ಅಂಚಿನ ನೂಲಿಗೆ ಮಾತ್ರ ಬಣ್ಣ ಹಾಕಿ ಕಂಬಳಿ ನೇಯಿಸುತ್ತಾರೆ. ನಮ್ಮಲ್ಲಿ ಯಾರ ಮದುವೆಯಾದರೂ ಅತ್ತೆಯ ಕೆಂಪಂಚಿನ ಕಂಬಳಿ ಬರಲೇಬೇಕು. ಮುಂದಿನ ಸರದಿ ನನ್ನದಿತ್ತು.

ಬಣ್ಣದ ನೀರು ಹಟ್ಟಿಯ ಹಿಂದಿನ ತಗ್ಗಿಗೆ ಹರಿಯುತ್ತಿತ್ತು. ಅದಕ್ಕೆ ಕುರಿಮರಿಗಳು ಬಾಯಿ ಹಾಕಿದ್ದನ್ನು ಕಂಡ ಮಾವ ರೇಗಿದರು. "ಬಣ್ಣ ಕಾಣೂ ನೀರು ಇನ್ನ ಹೊರಗ ಬಿಡಬ್ಯಾಡ. ಇಲ್ಲಾಂದ್ರ ಈ ಕೆಲಸಾನೇ ಬಂದ್ ಮಾಡು." ಮಾವನ ಮಾತಿನಲ್ಲಿ ತಪ್ಪಿರಲಿಲ್ಲ. ಅತ್ತೆ ಮುಖ ಊದಿಸಿಕೊಂಡು ನನಗೆ ಫೋನ್ ಮಾಡಿದರು. "ಕಾಲೇಜಿನ್ಯಾಗ ಏನೇನೋ ಮಾಡ್ತಿಯಲ್ಲವ್ವ, ಇದಕ್ಕೂ ಏನರೆ ಮಾಡು."

ಜಹೀರಾಬಾದಿನ ಕಾಲೇಜೊಂದರಲ್ಲಿ ನಾನು ಪಾಠ ಹೇಳುತ್ತೇನೆ. ಬಣ್ಣವನ್ನು ಒಡೆಯುವ ಕಿಣ್ವವೊಂದು ನಮ್ಮ ಲ್ಯಾಬಿನಲ್ಲಿತ್ತು, ಅಣಬೆಯಿಂದ ತೆಗೆದದ್ದು. ಹಾಗೇ ಸುರಿದರೆ ನೀರಿನ ಜೊತೆ ಹರಿದುಹೋಗುತ್ತದೆ. ಆದ್ದರಿಂದ ಕಡಲಪಾಚಿಯ ಅಂಟಿನಲ್ಲಿ ಕಲಸಿ, ಕ್ಯಾಲ್ಸಿಯಂ ಬೆರೆಸಿದ ನೀರಿಗೆ ಹನಿಹನಿಯಾಗಿ ಬಿಟ್ಟು ಮಣಿ ಮಾಡಿದೆ. ಕಿಣ್ವ ಮಣಿಯೊಳಗೇ ಉಳಿಯುತ್ತದೆ, ಮಣಿಯನ್ನು ಮತ್ತೆ ಮತ್ತೆ ಬಳಸಬಹುದು. ಡಬ್ಬಿ ತೆರೆದ ಅತ್ತೆ ಕೇಳಿದ್ದು, "ಸಾಬುದಾನಿ ಯಾಕ ತಂದಿ?"

ಮಾರುವ ಕಂಬಳಿಯ ಅಂಚಿಗೆ ಬಣ್ಣ ಹಾಕಿ ಮನೆಯಲ್ಲಿ ಉಳಿದಿದ್ದ ನೀಲಿ ನೀರಿಗೆ ಮೊದಲು ಹಾಕಿದೆವು. ಮರುದಿನ ಅದು ತೆಳ್ಳನೆಯ ಚಹಾದಂತಾಗಿತ್ತು. ಅದನ್ನೂ ಕುರಿಗೆ ಕುಡಿಸಬಾರದೆಂದು ಮಾವ ಬೇಲಿಯಾಚೆ ಬೇರೆ ಗುಂಡಿ ತೋಡಿ, ಅಲ್ಲಿಗೆ ಬಿಡಲು ಒಪ್ಪಿದರು. ಅತ್ತೆಯಂತೂ ಹಿಗ್ಗಿ, ಕತ್ತರಿಸಿದ ಉಣ್ಣೆಯನ್ನು ತೊಳೆಯುವ ಹಾಗೆ ಮಣಿಗಳನ್ನು ಸೋಡಾ ನೀರಿನಲ್ಲಿ ತೊಳೆದುಬಿಟ್ಟರು. ಸೋಡಾಕ್ಕೆ ಮಣಿಯೆಲ್ಲ ಕರಗಿ ಅಂಬಲಿಯಾಯಿತು. "ಅಷ್ಟು ಕೆಲಸ ಮಾಡ್ಯಾವ, ಪಾಪ, ಮೈ ತೊಳಿಸಿದ್ನವ್ವ!" ಬೈಯಲು ಬಾಯಿ ತೆರೆದವಳು ನಕ್ಕುಬಿಟ್ಟೆ.

ಮತ್ತೆ ಮಣಿ ಮಾಡಿಕೊಟ್ಟೆ. ಈ ಸಲ ಕೆಂಪು ನೀರು. ಒಂದು ದಿನ ಬಿಟ್ಟು ನೋಡಿದೆವು, ವಾರ ಬಿಟ್ಟು ನೋಡಿದೆವು. ಕೆಂಪು ಜಪ್ಪಯ್ಯ ಅನ್ನಲಿಲ್ಲ. ಈ ಜಾತಿಯ ಬಣ್ಣ ಒಡೆಯಲು ನನ್ನ ಕಿಣ್ವ ಸಾಲದು ಎಂದು ಹೇಳಿಬಿಟ್ಟೆ. ಮಾವ ಕುರಿ ಹೊಡೆದುಕೊಂಡು ಹೋದರು. ಅತ್ತೆ ಬಕೆಟ್ಟಿಗೆ ಮುಚ್ಚಳ ಹಾಕಿ, "ಆತು ಬಿಡವ್ವ" ಎಂದರು.

ಮದುವೆಯ ಹಿಂದಿನ ದಿನ ಅತ್ತೆ ಕಂಬಳಿ ಹೊತ್ತು ಬಂದರು. ಬಿಡಿಸಿದರೆ ಅಂಚು ನೀಲಿ. ಮನೆಯ ಹೆಂಗಸರೆಲ್ಲ ಸುತ್ತುಗಟ್ಟಿ, ಕೆಂಪು ಎಲ್ಲಿ, ಮದುವಿಗೆ ನೀಲಿ ಯಾರು ಕೊಡ್ತಾರ ಎಂದು ಗದ್ದಲ ಎಬ್ಬಿಸಿದರು. ಅತ್ತೆ ಕಂಬಳಿಯನ್ನು ನನ್ನ ಹೆಗಲಿಗೆ ಹೊದಿಸಿದರು.

"ನಿನ್ನ ಮಣಿ ತಿನ್ನೂ ಬಣ್ಣಾನೇ ಹಾಕೀನಿ, ತಗೊ."