ರೌಂಡು ಸುತ್ತಿ ಬಾಣ ಬಿಟ್ಟ ಪಾಠ

ನನಗೊಂದು ಚಟವಿದೆ. ನಾಚಿಕೊಳ್ಳುವಂಥದ್ದೇನಲ್ಲ, ಆದರೂ ಮನೆಯವರ ಕಣ್ಣಿಗೆ ಬಿದ್ದರೆ ನಗುತ್ತಾರೆ. ಕೈಗೊಂದು ಪೆನ್ನು, ಮುಂದೊಂದು ಚೂರು ಕಾಗದ ಸಿಕ್ಕಿದರೆ ಸಾಕು, ನಾನು ರೌಂಡು ಸುತ್ತಲು ಶುರುಮಾಡುತ್ತೇನೆ. ಒಂದು ರೌಂಡಿನೊಳಗೆ ‘ಹಾಲು’, ಇನ್ನೊಂದರೊಳಗೆ ‘ಗ್ಯಾಸ್ ಸಿಲಿಂಡರ್’, ಮತ್ತೊಂದರೊಳಗೆ ‘ನಾದಿನಿ ಬರೋದು’. ಆಮೇಲೆ ಒಂದರಿಂದ ಒಂದಕ್ಕೆ ಬಾಣ. ನಾದಿನಿ ಬಂದರೆ ಹಾಲು ಹೆಚ್ಚು ಬೇಕು, ಹಾಲು ಹೆಚ್ಚು ಕಾಯಿಸಿದರೆ ಗ್ಯಾಸು ಬೇಗ ಮುಗಿಯುತ್ತದೆ, ಗ್ಯಾಸು ಮುಗಿದರೆ ನಾದಿನಿಯ ಮುಖ ಸಣ್ಣಗಾಗುತ್ತದೆ. ಹೀಗೆ ಬಿಡಿಸಿಕೊಂಡರೆ ಸಂಸಾರ ನನಗೆ ಅರ್ಥವಾಗುತ್ತದೆ. ಬಿಡಿಸಿಕೊಳ್ಳದಿದ್ದರೆ ಬರೀ ತಲೆನೋವು.

ಇದು ಹುಟ್ಟುಗುಣವಲ್ಲ, ಕಸುಬಿನಿಂದ ಅಂಟಿದ್ದು. ಜಯನಗರದ ಒಂದು ಕನ್ನಡ ಮಾಧ್ಯಮದ ಹೈಸ್ಕೂಲಿನಲ್ಲಿ ನಾನು ವಿಜ್ಞಾನ ಹೇಳಿಕೊಡುತ್ತಿದ್ದೆ. ಎರಡು ಸಾವಿರದ ಇಸವಿ ದಾಟಿದ ಹೊಸತು. ಅಲ್ಲಿಯವರೆಗೆ ಪುಸ್ತಕದ ಕೊನೆಯಲ್ಲಿ ಮುದುರಿಕೊಂಡು ಕೂತಿದ್ದ ಪರಿಸರದ ಪಾಠಕ್ಕೆ ಇದ್ದಕ್ಕಿದ್ದಂತೆ ಮರ್ಯಾದೆ ಬಂದಿತ್ತು. ಬೇಸಿಗೆ ರಜೆಯಲ್ಲಿ ನಮ್ಮನ್ನೆಲ್ಲ ಬನಶಂಕರಿಗೆ ಕರೆಸಿ ತರಬೇತಿ ಕೊಟ್ಟರು. ಪಾಠ ಹೇಳಲು ಬಂದಿದ್ದ ಹುಡುಗಿಗೆ ನನ್ನ ಅರ್ಧ ವಯಸ್ಸೂ ಇರಲಿಲ್ಲ. “ಮೇಡಂ, ಪರಿಸರಾನ ಉರು ಹೊಡೆಸಬೇಡಿ. ಗ್ರಾಫಿಕ್ ಆರ್ಗನೈಸರ್ ಉಪಯೋಗಿಸಿ” ಅಂದಳು. ನಾನು ತಲೆಯಾಡಿಸಿದೆ. ತಿಳಿಯದಿದ್ದಾಗ ತಲೆಯಾಡಿಸುವುದು ಟೀಚರುಗಳು ಮಕ್ಕಳಿಂದ ಕಲಿತ ವಿದ್ಯೆ. ಸಂಜೆ ಮನೆಯಲ್ಲಿ ಈ ಹೆಸರು ಹೇಳಿದಾಗ ನನ್ನ ಯಜಮಾನರು, “ಸ್ಟೀಲಿಂದಾ, ಪ್ಲಾಸ್ಟಿಕ್ಕಿಂದಾ? ಅಡುಗೆಮನೆಗೂ ಒಂದು ತಗೊಂಡ್ ಬಾ, ತಟ್ಟೆ ಲೋಟ ಜೋಡಿಸಿಡಬಹುದು” ಅಂದರು. 

ಅವರನ್ನು ಬೈಯುವಂತಿಲ್ಲ. ಮೊದಲ ದಿನ ನಾನೂ ಹೆಚ್ಚುಕಡಿಮೆ ಹಾಗೆಯೇ ಅಂದುಕೊಂಡಿದ್ದೆ. ಮಾರನೆಯ ದಿನ ಗೊತ್ತಾಯಿತು, ಇದು ಮತ್ತೇನೂ ಅಲ್ಲ, ವಿಷಯವನ್ನು ಪ್ಯಾರಾಗಟ್ಟಲೆ ಬರೆಸುವ ಬದಲು ರೌಂಡು, ಚೌಕ, ಬಾಣಗಳಲ್ಲಿ ಹರಡಿ ತೋರಿಸುವುದು. ಅಯ್ಯೋ ರಾಮ, ಇಷ್ಟೇನಾ! ಇದಕ್ಕೆ ಇಂಗ್ಲಿಷ್ ಹೆಸರು ಯಾಕೆ ಬೇಕಿತ್ತು? ನಮ್ಮ ಜೋಯಿಸರು ಎಷ್ಟು ಕಾಲದಿಂದ ಇದನ್ನೇ ಮಾಡುತ್ತಿಲ್ಲ? ಒಂದು ಚೌಕ ಗೀಚಿ, ಅದರಲ್ಲಿ ಹನ್ನೆರಡು ಮನೆ ಮಾಡಿ, ಗುರು ಇಲ್ಲಿ, ಶನಿ ಅಲ್ಲಿ ಎಂದು ಕೂರಿಸಿ, ಇಡೀ ಮನುಷ್ಯನ ಮದುವೆ, ಮಕ್ಕಳು, ಮಂಡಿನೋವು ಎಲ್ಲವನ್ನೂ ಅಂಗೈಯಗಲದ ಕಾಗದಕ್ಕೆ ಇಳಿಸುತ್ತಾರಲ್ಲ, ಅದಕ್ಕಿಂತ ದೊಡ್ಡ ಆರ್ಗನೈಸರ್ ಯಾವುದಿದೆ? ಶನಿ ಯಾರನ್ನು ನೋಡುತ್ತಾನೆ, ಗುರು ಯಾರ ಮೇಲೆ ಕಣ್ಣಿಟ್ಟಿದ್ದಾನೆ ಅನ್ನುವುದೆಲ್ಲ ಕಣ್ಣಿಗೆ ಕಾಣದ ಬಾಣಗಳೇ. ಹಾವು ಏಣಿಯ ಪಟವೂ ಅಷ್ಟೆ. ಪಾಪ ಮಾಡಿದರೆ ಇಳೀತೀಯ, ಪುಣ್ಯ ಮಾಡಿದರೆ ಹತ್ತುತೀಯ ಅನ್ನುವುದನ್ನು ಯಾವ ಪ್ರವಚನಕಾರರೂ ಅಷ್ಟು ಬೇಗ ಮಕ್ಕಳ ತಲೆಗೆ ಹಾಕಿಲ್ಲ. ಇಷ್ಟೆಲ್ಲ ಯೋಚನೆ ಬಂದ ಮೇಲೆ ನನಗೆ ಧೈರ್ಯ ಬಂತು. ಗಾಂಧಿಬಜಾರಿನಲ್ಲಿ ಒಂದು ಕಟ್ಟು ಚಾರ್ಟ್ ಪೇಪರ್, ಒಂದು ಡಬ್ಬಿ ಸ್ಕೆಚ್ ಪೆನ್ನು ತಂದು ಒಂಬತ್ತನೇ ಕ್ಲಾಸಿಗೆ ನುಗ್ಗಿದೆ.

ಮಕ್ಕಳಿಗೆ ಸಕ್ಕರೆ ಸಿಕ್ಕಂತಾಯಿತು. “ಬರೀಬೇಡಿ, ಬಿಡಿಸಿ” ಅಂದರೆ ಯಾವ ಮಗು ತಾನೇ ಬೇಡ ಅನ್ನುತ್ತದೆ? ಆಹಾರ ಜಾಲದ ಪಾಠ. ಯಾರು ಯಾರಿಗೆ ಆಹಾರ ಅನ್ನುವುದನ್ನು ರೌಂಡು ಸುತ್ತಿ, ಬಾಣ ಹಾಕಿ ತೋರಿಸಬೇಕು. ಪುಸ್ತಕದಲ್ಲಿ ಹುಲ್ಲು, ಜಿಂಕೆ, ಹುಲಿ ಇತ್ತು. ಜಯನಗರದ ಮಕ್ಕಳಿಗೆ ಹುಲಿ ಎಲ್ಲಿಂದ ಬರಬೇಕು? ಸುತ್ತಮುತ್ತ ನೋಡಿದ್ದನ್ನೇ ಬಿಡಿಸಿ ಅಂದೆ. ಒಬ್ಬ ಹಸುವಿನಿಂದ ಹಾಲಿಗೆ, ಹಾಲಿನಿಂದ ಕಾಫಿಗೆ, ಕಾಫಿಯಿಂದ ಅವರಪ್ಪನಿಗೆ ಬಾಣ ಎಳೆದು ಅಲ್ಲಿಗೆ ಮುಗಿಸಿದ್ದ. ಅಪ್ಪನಿಂದ ಮುಂದಕ್ಕೆ ಏನೂ ಇಲ್ಲವೇನೋ ಅಂದರೆ, “ಅಪ್ಪ ಪೇಪರ್ ಓದ್ತಾರೆ ಮಿಸ್” ಅಂದ. ಇನ್ನೊಬ್ಬ ಜಾಲದ ತುತ್ತತುದಿಯಲ್ಲಿ, ಹದ್ದು ಹುಲಿಗಳೆಲ್ಲ ಇರಬೇಕಾದ ಕಡೆ, ದೊಡ್ಡದಾಗಿ ಸೊಳ್ಳೆ ಬರೆದಿದ್ದ. ನಾನು ಗದರಿದೆ. ಅವನು ಎದ್ದು ನಿಂತು, “ನಾವು ಎಲ್ಲಾನೂ ತಿಂತೀವಿ ಮಿಸ್, ಅದು ನಮ್ಮನ್ನೇ ತಿನ್ನತ್ತೆ” ಅಂದ. ಆ ರಾತ್ರಿ ಸೊಳ್ಳೆಬತ್ತಿ ಹಚ್ಚುವಾಗ ಅವನು ಹೇಳಿದ್ದು ಸರಿ ಅನ್ನಿಸಿತು. ಬಾಣದ ವಿಷಯದಲ್ಲಿ ಮಾತ್ರ ಎಲ್ಲರದ್ದೂ ಒಂದೇ ತಪ್ಪು. ಬೆಕ್ಕು ಇಲಿಯ ಮೇಲೆ ಹಾರುತ್ತದಲ್ಲ, ಹಾಗಾಗಿ ಬೆಕ್ಕಿನಿಂದ ಇಲಿಗೆ ಬಾಣ. ಅಲ್ಲ ಕಣ್ರೋ, ಇಲಿಯಲ್ಲಿರುವ ಶಕ್ತಿ ಬೆಕ್ಕಿನ ಹೊಟ್ಟೆಗೆ ಹೋಗತ್ತೆ, ಬಾಣ ಆ ಕಡೆ ತಿರುಗಬೇಕು ಎಂದು ನಾನು ಗಂಟಲು ಹರಿದುಕೊಂಡೆ. 

ಇಡೀ ಕ್ಲಾಸಿನಲ್ಲಿ ಬಾಣ ಸರಿಯಾಗಿ ಹಾಕಿದ್ದವಳು ಒಬ್ಬಳೇ, ಶಿವಲೀಲಾ.

ಶಿವಲೀಲಾ ಬಾಗಲಕೋಟೆ ಕಡೆಯ ಹುಡುಗಿ. ಅವರಪ್ಪ ಬಿಟಿಎಂ ಲೇಔಟಿನ ಯಾವುದೋ ಆಫೀಸಿನಲ್ಲಿ ಕೆಲಸ ಹಿಡಿದು, ಅಲ್ಲೇ ಒಂದು ಕೋಣೆಯ ಬಾಡಿಗೆ ಮನೆ ಮಾಡಿ, ಹೆಂಡತಿ ಮಗಳನ್ನು ಕರೆಸಿಕೊಂಡಿದ್ದರು. ಬಂದ ಹೊಸತರಲ್ಲಿ ನಾನು ಏನೋ ಕೇಳಿದ್ದಕ್ಕೆ ಅವಳು ಎದ್ದು ನಿಂತು, “ನಮ್ ಹೊಲದಾಗ ಇಲಿ ಭಾಳ ಅದಾವ್ರೀ” ಅಂದಳು. ಕ್ಲಾಸಿಗೆ ಕ್ಲಾಸೇ ಗೊಳ್ಳೆಂದಿತು. ನಾನು ಬೈದು ಸುಮ್ಮನಾಗಿಸಿದೆ, ಆದರೆ ಕಾರಿಡಾರಿನ ಬಾಯಿ ಮುಚ್ಚಿಸಲು ಯಾವ ಟೀಚರಿಂದಲೂ ಆಗುವುದಿಲ್ಲ. ಬಹಳ ದಿನ ಅವಳು ಎದುರಿಗೆ ಬಂದರೆ ಹುಡುಗರು “ಭಾಳ ಅದಾವ್ರೀ” ಅನ್ನುತ್ತಿದ್ದರು. ಅಲ್ಲಿಗೆ ಅವಳು ಬಾಯಿಗೆ ಬೀಗ ಹಾಕಿಕೊಂಡಳು. ಹಾಜರಿ ಕೂಗಿದರೆ ಕೈ ಎತ್ತುವಳು, ಅಷ್ಟೆ. ಮಾತು ನಿಂತದ್ದರ ಜೊತೆಗೆ ಮಾರ್ಕ್ಸೂ ಇಳಿಯಿತು. ಪೋಷಕರ ಸಭೆಗೆ ಬಂದ ಅವರಪ್ಪ ಕೈಮುಗಿದು, “ಈ ಸಲ ಪಾಸ್ ಆಗಲಿಲ್ಲಂದ್ರ ಊರಿಗೆ ಕಳಸ್ತೀನ್ರೀ ಬಾಯಾರ. ನಮ್ಮವ್ವನ ಕಡೆ ಇರ್ತಾಳ. ಇಲ್ಲಿ ಸಾಲಿ ಆಕೀ ತಲಿಗೆ ಹತ್ತವಲ್ದು” ಅಂದರು. ಒಳ್ಳೆಯ ಮನುಷ್ಯ, ಸಿಟ್ಟಿನಿಂದ ಹೇಳಿದ್ದಲ್ಲ. ಪಕ್ಕದಲ್ಲೇ ನಿಂತಿದ್ದ ಹುಡುಗಿ ನೆಲ ನೋಡುತ್ತಿದ್ದಳು. ಊರಿನಲ್ಲಿ ಹೈಸ್ಕೂಲಿಲ್ಲ ಅನ್ನುವುದು ನನಗೆ ಆಮೇಲೆ ತಿಳಿಯಿತು.

ಈ ರೌಂಡು ಬಾಣಗಳಲ್ಲಿ ಅವಳಿಗೆ ಜೀವ ಬಂತು. ಬಾಯಿ ಬಿಡಬೇಕಾಗಿಲ್ಲವಲ್ಲ! ಜೋಳ, ಇಲಿ, ಕೇರೆ ಹಾವು, ನವಿಲು, ಗೂಬೆ ಎಂದು ಇಡೀ ಹೊಲವನ್ನೇ ತಂದು ಚಾರ್ಟಿನ ಮೇಲೆ ಇಳಿಸಿದಳು. ನಾನು ಅದನ್ನು ಗೋಡೆಗೆ ಅಂಟಿಸಿದೆ. ಹೋಗಿಬರುವವರಿಗೆಲ್ಲ ತೋರಿಸಿದೆ. ನನ್ನ ಹೊಸ ವಿದ್ಯೆಯ ಬಗ್ಗೆ ನನಗೆ ಆಗ ಇದ್ದ ಜಂಬ ಅಷ್ಟಿಷ್ಟಲ್ಲ.

ಜಂಬ ಇಳಿಯಲು ಅರ್ಧವಾರ್ಷಿಕ ಪರೀಕ್ಷೆ ಬರಬೇಕಾಯಿತು. ನಮ್ಮ ಕಡೆಯ ಕೆಲವು ಶಾಲೆಗಳಲ್ಲಿ ಒಂದು ಪದ್ಧತಿ ಇತ್ತು. ನಮ್ಮ ಮಕ್ಕಳ ಉತ್ತರ ಪತ್ರಿಕೆ ಬೇರೆ ಶಾಲೆಯವರು ತಿದ್ದಬೇಕು, ಅವರದು ನಾವು. ನಮ್ಮ ಮಕ್ಕಳ ಮೇಲೆ ನಮಗೆ ಕನಿಕರ ಜಾಸ್ತಿ ಅಂತ ದೊಡ್ಡವರ ಅನುಮಾನ. ವಿಜ್ಞಾನದ ಪತ್ರಿಕೆಯ ಕೊನೆಯ ಪ್ರಶ್ನೆ ಹೀಗಿತ್ತು: ‘ಆಹಾರ ಜಾಲ ಎಂದರೇನು? ಐದು ವಾಕ್ಯಗಳಲ್ಲಿ ವಿವರಿಸಿ.’ ಐದು ಅಂಕ. ನನ್ನ ಒಂಬತ್ತನೇ ಕ್ಲಾಸು ಏನು ಮಾಡಿತು ಗೊತ್ತೇ? ಮಿಸ್ ಹೇಳಿದ್ದಾರೆ, ಬರೀಬೇಡಿ ಬಿಡಿಸಿ. ಎಲ್ಲರೂ ಬಿಡಿಸಿಟ್ಟು ಬಂದಿದ್ದರು. ಒಂದು ವಾಕ್ಯ, ಊಹೂಂ, ಒಂದು ಪೂರ್ಣವಿರಾಮ ಕೂಡ ಇಲ್ಲ. ಪತ್ರಿಕೆ ಹೋದದ್ದು ಹನುಮಂತನಗರದ ಶಾಮರಾವ್ ಮೇಷ್ಟರ ಕೈಗೆ. ಅವರು ಪ್ರತಿಯೊಂದು ಚಿತ್ರದ ಪಕ್ಕದಲ್ಲೂ ಕೆಂಪು ಶಾಯಿಯಲ್ಲಿ ‘ಉತ್ತರ ಎಲ್ಲಿ?’ ಎಂದು ಬರೆದು ಸೊನ್ನೆ ಕೊಟ್ಟಿದ್ದರು.

ಮಿಕ್ಕ ಮಕ್ಕಳು ಬೇರೆ ಪ್ರಶ್ನೆಗಳಲ್ಲಿ ಹೇಗೋ ದಡ ಸೇರಿದ್ದರು. ಶಿವಲೀಲಾಳಿಗೆ ಮಾತ್ರ ಪಾಸಿಗೆ ಮೂರು ಅಂಕ ಕಡಿಮೆ ಬಿತ್ತು. ಹುಡುಗಿ ಮೊದಲ ಸಲ ಖುಷಿಯಿಂದ ಕಲಿತದ್ದೇ ಅವಳನ್ನು ಊರಿಗೆ ಕಳಿಸುತ್ತದಲ್ಲಪ್ಪ ಎಂದು ಶಾಮರಾವ್ ಅವರಿಗೆ ಫೋನು ಮಾಡಿದೆ. ಚಿತ್ರದಲ್ಲಿ ಉತ್ತರ ಇದೆ ಸಾರ್, ನಾನೇ ಬಂದು ವಿವರಿಸ್ತೀನಿ ಅಂದೆ. ಅವರು ಗಡಸು ದನಿಯ ಮನುಷ್ಯ. “ನೀವು ವಿವರಿಸಿದ್ರೆ ಅದು ನಿಮ್ಮ ಉತ್ತರ ಆಗತ್ತಮ್ಮ. ಬಿಡಿಸಿದ ಮಗೂನೇ ಬಂದು ಹೇಳ್ಲಿ, ನೋಡೋಣ” ಅಂದರು.

ಇದೊಳ್ಳೆ ಪೀಕಲಾಟಕ್ಕೆ ಬಂತು! ಹಾಜರಿಗೂ ಬಾಯಿ ಬಿಡದವಳು ಆ ಮೇಷ್ಟರ ಎದುರು ಏನು ಹೇಳಿಯಾಳು? ಆದರೂ ಅವರಪ್ಪನನ್ನು ಒಪ್ಪಿಸಿ, ಶನಿವಾರ ಸ್ಕೂಲು ಬಿಟ್ಟ ಮೇಲೆ ಅವಳನ್ನು ಬಸ್ಸು ಹತ್ತಿಸಿಕೊಂಡು ಹೊರಟೆ. ದಾರಿಯುದ್ದಕ್ಕೂ ನಾನೇ ಮಾತಾಡಿದೆ. ಹೆದರಬೇಡ ಕಣೇ, ಸರ್ ಒಳ್ಳೆಯವರು ಅಂದೆ. ಅವರು ಒಳ್ಳೆಯವರೋ ಅಲ್ಲವೋ ನನಗೇನು ಗೊತ್ತು, ಬಾಯಿಗೆ ಬಂತು ಅಂದೆ. ಹನುಮಂತನಗರದ ಏರು ಹತ್ತುವಾಗ ನನಗೆ ಏದುಸಿರು ಬಂದು ಮಾತು ನಿಂತಿತು. ಅವಳಿಗೆ ಅದರಿಂದ ಸ್ವಲ್ಪ ಸಮಾಧಾನವಾಗಿರಬೇಕು.

ಶಾಮರಾವ್ ಅವರದು ಹಳೇ ಮನೆ, ಒಳಗೆ ತಣ್ಣಗೆ ಕೆಂಪು ನೆಲ. ಅವರ ಹೆಂಡತಿ ನನಗೆ ಕಾಫಿ, ಅವಳಿಗೆ ತಟ್ಟೆಯಲ್ಲಿ ಕೋಡುಬಳೆ ತಂದಿಟ್ಟರು. ಮೇಷ್ಟರು ಕನ್ನಡಕ ಏರಿಸಿ, ನಾನು ತಂದಿದ್ದ ಪತ್ರಿಕೆ ಹರಡಿದರು. “ಇದು ಏನಮ್ಮ?” ಹುಡುಗಿ ಕೋಡುಬಳೆಯ ತಟ್ಟೆ ನೋಡಿದಳು. “ಈ ಬಾಣ ಏನು ಹೇಳತ್ತೆ?” ಅದಕ್ಕೂ ತಟ್ಟೆಯನ್ನೇ ನೋಡಿದಳು. ನನ್ನ ನಾಲಗೆ ತುದಿಯಲ್ಲಿ ಉತ್ತರ ಕುಣಿಯುತ್ತಿತ್ತು. ಬಾಯಿ ತೆರೆದೆ, ಮೇಷ್ಟರು ನನ್ನ ಕಡೆ ಅಂಗೈ ತೋರಿಸಿ ಸುಮ್ಮನಿರಿಸಿದರು. ನನ್ನ ಇಷ್ಟು ವರ್ಷದ ಸರ್ವೀಸಿನಲ್ಲಿ ಯಾರೂ ನನ್ನನ್ನು ಹಾಗೆ ಕೂರಿಸಿರಲಿಲ್ಲ.

ಆಮೇಲೆ ಅವರು ಪೆನ್ನಿನ ತುದಿಯಿಂದ ಜೋಳದ ರೌಂಡು ಮುಟ್ಟಿ, “ಇದು ತಪ್ಪಲ್ಲವಾ? ಜೋಳ ತಿನ್ನೋದು ಇಲಿ. ಬಾಣ ಇಲಿಯಿಂದ ಜೋಳಕ್ಕೆ ಬರಬೇಕು ತಾನೆ?” ಅಂದರು.

“ಅಲ್ರೀ ಸರ!”

ನಾನು ಬೆಚ್ಚಿಬಿದ್ದೆ. ಇಷ್ಟು ದೊಡ್ಡ ದನಿ ಇವಳಿಗೆ ಇತ್ತೇ?

“ಯಾರು ಯಾರನ್ನ ತಿಂತಾರ ಅನ್ನೂದಲ್ರೀ ಬಾಣ. ಯಾರ ಹೊಟ್ಟೀಗೆ ಹೊಕ್ಕೈತಿ ಅನ್ನೂದ್ರೀ. ಜೋಳ ಇಲಿ ಹೊಟ್ಟೀಗೆ, ಇಲಿ ಹಾವಿನ ಹೊಟ್ಟೀಗೆ. ನಮ್ಮಜ್ಜ ಕೇರೀ ಹಾವು ಹೊಡ್ಯಾಕ ಬಿಡೂದಿಲ್ರೀ. ಬಾಜೂ ಹೊಲದಾವ್ರು ಹೊಡದ್ರು, ಮುಂದಿನ ಸುಗ್ಗಿಗೆ ಅವರ ತೆನಿ ಎಲ್ಲಾ ಇಲಿ ಪಾಲಾತು. ಅದಕ್ಕ ನೋಡ್ರಿ, ಈ ಬಾಣ ಇಲ್ಲಿ ಕಡದ್ರ, ಅಲ್ಲಿ ಜೋಳ ಹಾಳಾಕ್ಕೈತಿ.”

ಒಂದೇ ಉಸಿರಿಗೆ ಹೇಳಿ ನಿಲ್ಲಿಸಿದಳು. ನಾನು ಚಾರ್ಟು ಹಿಡಿದು ತಿಂಗಳಾನುಗಟ್ಟಲೆ ಕೂಗಿದ್ದನ್ನು ಅವಳು ಕಾಫಿ ಆರುವಷ್ಟರಲ್ಲಿ ಹೇಳಿ ಮುಗಿಸಿದ್ದಳು. ಮೇಷ್ಟರು ಸೊನ್ನೆ ಹೊಡೆದುಹಾಕಿದರು, ಪಕ್ಕದಲ್ಲಿ ‘ಮೂರು’ ಎಂದು ಬರೆದು ರುಜು ಹಾಕಿದರು. ಪಾಸು! ದೇವರು ದೊಡ್ಡವನು. ಮೇಷ್ಟರ ಮನಸ್ಸು ಬದಲಾಗುವ ಮೊದಲು ಜಾಗ ಖಾಲಿ ಮಾಡೋಣವೆಂದು ನಾನು ಬ್ಯಾಗು ಹೆಗಲಿಗೇರಿಸಿ ಎದ್ದುಬಿಟ್ಟೆ. 

ಶಿವಲೀಲಾ ಏಳಲಿಲ್ಲ. ಪತ್ರಿಕೆಯನ್ನೇ ನೋಡುತ್ತಿದ್ದಳು.

“ಇನ್ನ ಎರಡ ಯಾಕ್ ಹೋದವ್ರೀ ಸರ?”

“ಲೇ, ಬಾರೇ” ಎಂದು ನಾನು ಪಿಸುಗುಟ್ಟಿದೆ. ನನ್ನನ್ನು ಇಬ್ಬರೂ ಲೆಕ್ಕಕ್ಕಿಡಲಿಲ್ಲ.

“ಬಾಣದ ಮೇಲೆ ಒಂದಕ್ಷರ ಬರೆದಿಲ್ಲವಲ್ಲಮ್ಮ” ಅಂದರು ಮೇಷ್ಟರು. “ಬಾಯಲ್ಲಿ ಹೇಳಿದೆಯಲ್ಲ, ಹೊಟ್ಟೆಗೆ ಹೋಗತ್ತೆ, ಕಡಿದ್ರೆ ಹೀಗಾಗತ್ತೆ ಅಂತ. ಅದು ಇಲ್ಲಿ ಎಲ್ಲಿದೆ? ಯಾಕೆ ಬರೀಲಿಲ್ಲ?”

ಅವಳು ಕೋಡುಬಳೆಯ ತಟ್ಟೆಯನ್ನು ಒಂದಿಷ್ಟು ಆಚೆ ಸರಿಸಿದಳು.

“ಬರದ್ರ ಎಲ್ಲಾರೂ ನಗ್ತಿದ್ರಲ್ರೀ. ನಮ್ ಮಾತ್ ಬ್ಯಾರೆ ಐತ್ರೀ.”

ಗೋಡೆಗೆ ಅಂಟಿಸಿ ಎಲ್ಲರಿಗೂ ತೋರಿಸುತ್ತಿದ್ದೆನಲ್ಲ, ಆ ಚಾರ್ಟಿನಲ್ಲೂ ಬಾಣಗಳ ಮೇಲೆ ಏನೂ ಇರಲಿಲ್ಲ. ಎಷ್ಟು ಚೊಕ್ಕಟವಾಗಿ ಬಿಡಿಸಿದ್ದಾಳೆ ಎಂದು ನಾನು ಮೆಚ್ಚಿಕೊಂಡಿದ್ದೆ. 

ಮೇಷ್ಟರು ಕನ್ನಡಕ ತೆಗೆದರು. “ಈಗ ಹೇಳಿದೆಯಲ್ಲ, ನಾನು ನಕ್ಕೆನಾ?”

“ಇಲ್ರೀ.”

“ಹಾಗಾದ್ರೆ ಮುಂದಿನ ಪರೀಕ್ಷೇಲಿ ಬರಿ. ನಿಮ್ಮೂರ ಮಾತಲ್ಲೇ ಬರಿ. ಆ ಎರಡು ಮಾರ್ಕು ಆಗ ಕೊಡ್ತೀನಿ.”

ಅವಳು ಯೋಚಿಸಿದಳು. ಒಪ್ಪಿದಂತೆ ಕಾಣಲಿಲ್ಲ.

“ಆಗ ಪೇಪರ್ ನಿಮ್ ಕಡೇನ ಬರ್ತಾವೇನ್ರೀ ಸರ? ಬ್ಯಾರೆ ಸಾಲಿಗೆ ಹೋದ್ರ ಹ್ಯಾಂಗ?”

ಶಾಮರಾವ್ ಮೇಷ್ಟರು ಕನ್ನಡಕ ಮತ್ತೆ ಏರಿಸಿಕೊಂಡರು. ಒಳಗಿನಿಂದ ಅವರ ಹೆಂಡತಿ ನಕ್ಕದ್ದು ಕೇಳಿಸಿತು. ಹುಡುಗಿ ಕುರ್ಚಿಯನ್ನು ಮೇಜಿನ ಹತ್ತಿರ ಎಳೆದುಕೊಂಡು, ಒಂದು ಬಾಣದ ಮೇಲೆ ಬೆರಳಿಟ್ಟು, “ಇದನ್ನರ ನೋಡ್ರಿ” ಎಂದು ಶುರುಮಾಡಿದಳು. ನಾನು ಹೆಗಲಿಂದ ಬ್ಯಾಗು ಇಳಿಸಿ ಮತ್ತೆ ಕೂತೆ. ಬಾಯಿ ಇರುವ ಟೀಚರಿಗೆ ಪಕ್ಕದಲ್ಲಿ ಸುಮ್ಮನೆ ಕೂರುವ ಯೋಗ ಅಪರೂಪಕ್ಕೆ ಬರುತ್ತದೆ, ಬಂದಾಗ ಬಸ್ಸು ತಪ್ಪಿದರೂ ಪರವಾಗಿಲ್ಲ.